ಗಂಟುಮೂಟೆ ಕಟ್ಟುವ ಹಕ್ಕು

2016ರ ಜನವರಿಯಲ್ಲಿ, ಮೂರು ವಾರಗಳ ಅಂತರದಲ್ಲಿ, ಎರಡು ಸುದ್ದಿ ಬಂದವು. 7ನೇ ತಾರೀಖು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ 9.5ನೇ ಆವೃತ್ತಿ ಹೊರಬಿತ್ತು. ಅದನ್ನು ಗಮನಿಸಿದವರು ಆ ಕಸುಬಿನವರು ಮಾತ್ರ. 28ನೇ ತಾರೀಖು ಫೇಸ್‌ಬುಕ್, ತನ್ನ ಒಡೆತನದ ಪಾರ್ಸ್ ಎಂಬ ಸೇವೆಯನ್ನು ಇನ್ನೊಂದು ವರ್ಷದಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಮೊಬೈಲ್ ಆ್ಯಪ್ ಕಟ್ಟುವವರ ಲೋಕದಲ್ಲಿ ಆ ರಾತ್ರಿ ಬಹಳ ಜನಕ್ಕೆ ನಿದ್ದೆ ಹತ್ತಲಿಲ್ಲ. ಹಲವು ಲಕ್ಷ ಆ್ಯಪ್‌ಗಳು ಪಾರ್ಸ್ ಮೇಲೆ ನಿಂತಿದ್ದವು.

ಆಗ ಈ ಎರಡು ಸುದ್ದಿಗಳನ್ನು ಯಾರೂ ಜೋಡಿಸಿ ಓದಲಿಲ್ಲ. ನಾನೂ ಓದಿರಲಿಲ್ಲ. ಇವತ್ತು ಓಪನ್ ಸೋರ್ಸ್ ಬ್ಯಾಕೆಂಡ್ ಎಂದು ಕರೆಯುವ ವೇದಿಕೆಗಳ ಕಥೆ ಆ ಒಂದೇ ತಿಂಗಳಲ್ಲಿ ಎರಡು ಕಡೆಯಿಂದ ಶುರುವಾಯಿತು ಎಂದು ಈಗ ಅನ್ನಿಸುತ್ತದೆ.

ಬ್ಯಾಕೆಂಡ್ ಎಂದರೇನು? ಯಕ್ಷಗಾನ ನೋಡಿದವರಿಗೆ ಚೌಕಿ ಗೊತ್ತು. ರಂಗಸ್ಥಳದಲ್ಲಿ ಕುಣಿಯುವ ವೇಷ ಸಿದ್ಧವಾಗುವುದು ಅಲ್ಲಿ. ಯಾವ ವೇಷ ಯಾವಾಗ ಹೊರಡಬೇಕು, ಯಾರ ಕಿರೀಟ ಯಾವ ಪೆಟ್ಟಿಗೆಯಲ್ಲಿದೆ ಎಂಬ ಲೆಕ್ಕವೆಲ್ಲ ಅಲ್ಲಿರುತ್ತದೆ. ಆ್ಯಪ್‌ಗೂ ಅಂಥದೊಂದು ಚೌಕಿ ಬೇಕು. ಹಳ್ಳಿಯ ಹಾಲಿನ ಡೇರಿಗೊಂದು ಆ್ಯಪ್ ಮಾಡುತ್ತೀರಿ ಅಂದುಕೊಳ್ಳಿ. ಬೆಳಿಗ್ಗೆ ಹಾಲು ಹಾಕಿ ಬಂದ ರೈತನಿಗೆ ಎಷ್ಟು ಲೀಟರ್ ಆಯಿತು, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು, ಈ ಸಲದ ಬಟವಾಡೆಗೆ ಎಷ್ಟು ದುಡ್ಡು ಸೇರಿದೆ ಎಂಬುದು ಮೊಬೈಲಿನಲ್ಲಿ ಕಾಣಬೇಕು. ಕಣ್ಣಿಗೆ ಕಾಣುವ ಪುಟ, ಬಣ್ಣ, ಬಟನ್ನುಗಳನ್ನು ಚುರುಕಾದ ಕಾಲೇಜು ಹುಡುಗಿಯೊಬ್ಬಳು ವಾರದೊಳಗೆ ಮಾಡಿಬಿಡುತ್ತಾಳೆ. ಕಷ್ಟ ಇರುವುದು ಆಮೇಲೆ. ಲಾಗಿನ್ ಆದವನು ನಿಜವಾಗಿಯೂ ಆ ಸದಸ್ಯನೇ ಎಂದು ಖಾತ್ರಿಯಾಗಬೇಕು. ಅವನ ಪಾಸ್‌ವರ್ಡ್ ಕದ್ದರೂ ಓದಲಾಗದಂತೆ ಬಚ್ಚಿಡಬೇಕು. ದಿನಕ್ಕೆರಡು ಹೊತ್ತಿನ ಲೆಕ್ಕ ವರ್ಷಗಟ್ಟಲೆ ಉಳಿಯಬೇಕು. ಒಬ್ಬನ ಲೆಕ್ಕ ಇನ್ನೊಬ್ಬನಿಗೆ ಕಾಣಬಾರದು, ಆದರೆ ಕಾರ್ಯದರ್ಶಿಗೆ ಎಲ್ಲರದೂ ಕಾಣಬೇಕು. ರಸೀದಿಯ ಫೋಟೊ ಎಲ್ಲೋ ಒಂದು ಕಡೆ ಕೂತಿರಬೇಕು. ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಲೆಕ್ಕ ಕೆಡಬಾರದು.

ಡೇರಿಗೆ ಮಾಡಿದರೂ ಟ್ಯಾಕ್ಸಿಗೆ ಮಾಡಿದರೂ ಮದುವೆ ಛತ್ರದ ಬುಕಿಂಗ್‌ಗೆ ಮಾಡಿದರೂ ಈ ಕೆಲಸ ಮುಕ್ಕಾಲು ಪಾಲು ಒಂದೇ. ಹಾಗಾದರೆ ಒಮ್ಮೆ ಚೆನ್ನಾಗಿ ಕಟ್ಟಿಟ್ಟು ಎಲ್ಲರಿಗೂ ಬಾಡಿಗೆಗೆ ಕೊಟ್ಟರಾಯಿತಲ್ಲ? ಈ ಯೋಚನೆ 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಎರಡು ಗುಂಪುಗಳಿಗೆ ಬಂತು. ಒಂದು, ನಾಲ್ವರು ಸೇರಿ ಕಟ್ಟಿದ ಪಾರ್ಸ್. ಇನ್ನೊಂದು, ಜೇಮ್ಸ್ ಟ್ಯಾಂಪ್ಲಿನ್ ಮತ್ತು ಆಂಡ್ರ್ಯೂ ಲೀ ಕಟ್ಟಿದ ಫೈರ್‌ಬೇಸ್. ಫೈರ್‌ಬೇಸ್ ಹುಟ್ಟಿದ ಬಗೆ ನನಗೆ ತುಂಬ ಇಷ್ಟ. ಅವರು ಮೊದಲು ಮಾಡಿದ್ದು ವೆಬ್‌ಸೈಟುಗಳಿಗೆ ಅಂಟಿಸಿಕೊಳ್ಳುವ ಒಂದು ಚಾಟ್ ಸೌಲಭ್ಯ. ಕೆಲವರು ಅದರಲ್ಲಿ ಮಾತಾಡುವ ಬದಲು ತಮ್ಮ ಆಟಗಳ ಮಾಹಿತಿಯನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸುತ್ತಿರುವುದು ಇಬ್ಬರ ಕಣ್ಣಿಗೆ ಬಿತ್ತು. ಜನಕ್ಕೆ ಬೇಕಾಗಿದ್ದದ್ದು ಚಾಟ್ ಕೆಳಗೆ ಹರಿಯುತ್ತಿದ್ದ ಕಾಲುವೆ. ಅವರು ಕಾಲುವೆಯನ್ನೇ ಮಾರಲು ಹೊರಟರು.

2013ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಪಾರ್ಸ್ ಕೊಂಡಿತು. 2014ರ ಅಕ್ಟೋಬರ್‌ನಲ್ಲಿ ಗೂಗಲ್ ಫೈರ್‌ಬೇಸ್ ಕೊಂಡಿತು. ದೊಡ್ಡವರ ಮನೆ ಸೇರಿತು, ಇನ್ನು ಭಯವಿಲ್ಲ ಎಂದು ಆ್ಯಪ್ ಕಟ್ಟುವವರು ನಿರಾಳವಾದರು. ಮೂರು ವರ್ಷ ತುಂಬುವ ಮೊದಲೇ ಪಾರ್ಸ್ ಮುಚ್ಚುವ ಸುದ್ದಿ ಬಂತು.

ಪಾರ್ಸ್ ತಂಡದವರು ಒಂದು ವಿಷಯದಲ್ಲಿ ದೊಡ್ಡ ಮನಸ್ಸು ಮಾಡಿದರು. ಅದನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ಮುಚ್ಚುವ ಸುದ್ದಿಯ ದಿನವೇ ಪಾರ್ಸ್ ಸರ್ವರ್ ಎಂಬ ತಂತ್ರಾಂಶವನ್ನು ಓಪನ್ ಸೋರ್ಸ್ ಆಗಿ ಬಿಟ್ಟುಕೊಟ್ಟರು. ಅವರ ಸೇವೆ ಮಾಡುತ್ತಿದ್ದ ಮುಖ್ಯ ಕೆಲಸಗಳನ್ನು ಅದು ನಮ್ಮದೇ ಯಂತ್ರದಲ್ಲಿ ಮಾಡುತ್ತಿತ್ತು. ಅಲ್ಲಿರುವ ಮಾಹಿತಿಯನ್ನು ನಮ್ಮ ಡೇಟಾಬೇಸಿಗೆ ಸಾಗಿಸಿಕೊಳ್ಳುವ ಸಾಧನವನ್ನೂ ಕೊಟ್ಟರು, ಸಾಗಿಸಲು ಒಂದು ವರ್ಷದ ಗಡುವನ್ನೂ ಕೊಟ್ಟರು. 2017ರ ಜನವರಿ ಕೊನೆಗೆ ಸೇವೆ ನಿಂತುಹೋಯಿತು. ಪಾರ್ಸ್ ಸರ್ವರ್ ನಿಲ್ಲಲಿಲ್ಲ, ಅದನ್ನು ಇವತ್ತಿಗೂ ಸ್ವಯಂಸೇವಕರ ಬಳಗವೊಂದು ನೋಡಿಕೊಳ್ಳುತ್ತಿದೆ. ಇದೇ ಬಗೆಯ ಸ್ಟ್ಯಾಕ್‌ಮಾಬ್ ಎಂಬ ಸೇವೆಯನ್ನು 2013ರ ಕೊನೆಗೆ ಪೇಪಾಲ್ ಕೊಂಡು 2014ರ ಮೇ ತಿಂಗಳಲ್ಲಿ ಬಾಗಿಲು ಹಾಕಿತ್ತು. ಅದರ ಮೇಲೆ ಕಟ್ಟಿದ್ದವರು ಚೌಕಿಯನ್ನು ಬುಡದಿಂದ ಮತ್ತೆ ಕಟ್ಟಬೇಕಾಯಿತು.

ಈ ನೋವು ನನಗೆ ಸಣ್ಣ ಪ್ರಮಾಣದಲ್ಲಿ ಗೊತ್ತು. ಕೆಲವು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ಮಲೆನಾಡಿನ ಒಂದು ಸರ್ಕಾರಿ ಶಾಲೆಯ ಮಕ್ಕಳ ಜೊತೆ ಸೇರಿ ಗಿಡಗಳ ಊರಹೆಸರು ಕೂಡಿಸಲು ಹೊರಟೆವು. ಮಕ್ಕಳು ಫೋಟೊ ತೆಗೆಯುವುದು, ಮನೆಯ ಹಿರಿಯರು ಹೇಳಿದ ಹೆಸರನ್ನು ಬರೆಯುವುದು, ಅಷ್ಟೆ. ಘಟ್ಟದ ಮೇಲೆ ಒಂದೆಲಗ ಎನ್ನುವುದನ್ನು ಕರಾವಳಿಯಿಂದ ಮದುವೆಯಾಗಿ ಬಂದ ಅಜ್ಜಿ ತಿಮರೆ ಎನ್ನುತ್ತಿದ್ದರು. ಒಂದೇ ಸೊಪ್ಪು ಒಂದು ಮನೆಯಲ್ಲಿ ಚಗಟೆ, ಪಕ್ಕದ ಮನೆಯಲ್ಲಿ ತಗಚೆ, ಇನ್ನೊಂದರಲ್ಲಿ ತಜಂಕ್. ಆರು ನೂರು ಚಿಲ್ಲರೆ ಹೆಸರು ಸೇರಿದ್ದವು. ಎಲ್ಲವೂ ಒಂದು ಉಚಿತ ಸೇವೆಯಲ್ಲಿ ಕೂತಿತ್ತು. ಆ ಸೇವೆ ನಿಂತಿತು. ಎಚ್ಚರಿಕೆಯ ಮೇಲ್ ಬಂದದ್ದು ನಾವು ಯಾರೂ ನೋಡದ ಒಂದು ಹಳೆ ವಿಳಾಸಕ್ಕೆ. ಒಬ್ಬ ಗೆಳೆಯನ ಫೋನಿನಲ್ಲಿ ಉಳಿದಿದ್ದ ಅರ್ಧದಷ್ಟು ಮಾತ್ರ ಕೈಗೆ ಸಿಕ್ಕಿತು. ಹೆಸರು ಹೇಳಿದ್ದ ಇಬ್ಬರು ಅಜ್ಜಿಯರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ಅಂದಿನಿಂದ ಯಾವ ವೇದಿಕೆಯನ್ನು ನೋಡಿದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಾಳೆ ಇಲ್ಲಿಂದ ಗಂಟುಮೂಟೆ ಕಟ್ಟಬೇಕಾಗಿ ಬಂದರೆ ಏನೇನು ಒಯ್ಯಬಹುದು? ಮಾಹಿತಿ ಒಯ್ಯಬಹುದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಮಾಹಿತಿಯನ್ನು ಓದಿ, ಅಳೆದು, ಯಾರಿಗೆ ಯಾವುದನ್ನು ತೋರಿಸಬೇಕೆಂದು ತೀರ್ಮಾನಿಸುವ ಯಂತ್ರವನ್ನೂ ಒಯ್ಯಬಹುದೇ? ಓಪನ್ ಸೋರ್ಸ್ ಎಂಬ ಮಾತಿಗೆ ಬ್ಯಾಕೆಂಡ್ ವಿಚಾರದಲ್ಲಿ ನನ್ನ ಪಾಲಿಗಿರುವ ಅರ್ಥ ಇದು. ಪುಕ್ಕಟೆ ಸಿಗುತ್ತದೆ ಎಂಬುದು ಎರಡನೆಯ ಮಾತು.

ಕೋಡ್ ತೆರೆದಿಟ್ಟ ಮಾತ್ರಕ್ಕೆ ಎಲ್ಲವೂ ಬದುಕುತ್ತದೆ ಎಂದೇನೂ ಇಲ್ಲ. ರಿಥಿಂಕ್‌ಡಿಬಿ ಎಂಬ ಡೇಟಾಬೇಸ್ ಕಂಪನಿ 2016ರಲ್ಲಿ ಹೊರೈಜನ್ ಎಂಬ ಓಪನ್ ಸೋರ್ಸ್ ಬ್ಯಾಕೆಂಡ್ ಹೊರತಂದಿತು. ಪಾರ್ಸ್ ಬಿಟ್ಟುಬಂದವರಿಗೆ ಹೇಳಿಮಾಡಿಸಿದಂತಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಂಪನಿಯೇ ಮುಚ್ಚಿತು. ಮರುವರ್ಷ ಫೆಬ್ರವರಿಯಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯ ಸಂಸ್ಥೆಯೊಂದು 25,000 ಡಾಲರ್ ಕೊಟ್ಟು ಡೇಟಾಬೇಸಿನ ಕೋಡ್ ಕೊಂಡು ಇನ್ನಷ್ಟು ಉದಾರವಾದ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಡೇಟಾಬೇಸ್ ಹಾಗೂ ಹೀಗೂ ಉಸಿರಾಡಿತು. ಹೊರೈಜನ್ ಅಲ್ಲಿಗೇ ನಿಂತುಹೋಯಿತು. ಅದರ ಕೋಡ್ ಇವತ್ತೂ ಯಾರು ಬೇಕಾದರೂ ಓದಬಹುದು, ಆದರೆ ಅದಕ್ಕೆ ಕೈಹಚ್ಚುವವರಿಲ್ಲ.

ಈಗ ಜನವರಿಯ ಮೊದಲ ಸುದ್ದಿಗೆ ಬರೋಣ.

ಪೋಸ್ಟ್‌ಗ್ರೆಸ್ 1986ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರುಮಾಡಿದ ಸಂಶೋಧನೆ. 1994ರಲ್ಲಿ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದಕ್ಕೆ ಎಸ್‌ಕ್ಯೂಎಲ್ ಭಾಷೆ ಕಲಿಸಿದರು. 1996ರಿಂದ ಅದನ್ನು ಬೆಳೆಸುತ್ತಿರುವುದು ಜಗತ್ತಿನ ಹಲವು ಮೂಲೆಗಳ ಪ್ರೋಗ್ರಾಮರುಗಳ ಬಳಗ. ಅದು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲವಾದ್ದರಿಂದ ಯಾರೂ ಕೊಂಡು ಮುಚ್ಚುವಂತಿಲ್ಲ. 2016ರ ಜನವರಿಯ ಆವೃತ್ತಿಯಲ್ಲಿ ಅದಕ್ಕೊಂದು ಹೊಸ ಗುಣ ಸೇರಿತು. ಅದನ್ನು ಸಾಲುಮಟ್ಟದ ಕಾವಲು ಎನ್ನಬಹುದು.

ಡೇರಿಯ ಲೆಕ್ಕವನ್ನು ಒಂದು ಉದ್ದದ ಪುಸ್ತಕ ಎಂದುಕೊಳ್ಳಿ. ಒಂದೊಂದು ಸಾಲೂ ಒಬ್ಬ ಸದಸ್ಯನ ಒಂದು ಹೊತ್ತಿನ ಹಾಲು. ಹಿಂದೆಲ್ಲ ಪುಸ್ತಕ ತೆರೆಯಲು ಅನುಮತಿ ಇದ್ದವನಿಗೆ ಪೂರ್ತಿ ಪುಸ್ತಕ ಕಾಣುತ್ತಿತ್ತು. ಹಾಗಾಗಿ ಪುಸ್ತಕದ ಮುಂದೆ ಒಬ್ಬ ಗುಮಾಸ್ತನನ್ನು ಕೂರಿಸಬೇಕಿತ್ತು. ಬಂದವನು ಯಾರೆಂದು ನೋಡಿ, ಅವನ ಸಾಲುಗಳನ್ನಷ್ಟೆ ಓದಿ ಹೇಳುವುದು ಅವನ ಕೆಲಸ. ಸರ್ವರ್ ಪ್ರೋಗ್ರಾಮ್ ಎಂದು ಕರೆಯುತ್ತಿದ್ದುದು ಬಹುಮಟ್ಟಿಗೆ ಈ ಗುಮಾಸ್ತನನ್ನೇ. 9.5 ಬಂದ ಮೇಲೆ ಪುಸ್ತಕಕ್ಕೇ ಒಂದು ನಿಯಮ ಬರೆದಿಡುವುದು ಸಾಧ್ಯವಾಯಿತು: ಈ ಸಾಲಿನ ಸದಸ್ಯ ಸಂಖ್ಯೆ, ಕೇಳುತ್ತಿರುವವನ ಸಂಖ್ಯೆ ಎರಡೂ ಒಂದೇ ಆಗಿದ್ದರೆ ಮಾತ್ರ ತೋರಿಸು. ಕಾರ್ಯದರ್ಶಿಗೆ ಬೇರೆ ನಿಯಮ. ಹಾಲು ಅಳೆಯುವವನು ಇವತ್ತಿನ ಸಾಲು ಬರೆಯಬಹುದು, ನಿನ್ನೆಯದನ್ನು ತಿದ್ದುವಂತಿಲ್ಲ. ಪುಸ್ತಕ ತಾನೇ ಕಾವಲು ಕಾಯತೊಡಗಿದರೆ ಗುಮಾಸ್ತನ ಕೆಲಸ ಎಷ್ಟೋ ಹಗುರ.

ಇದೇ ನೆಲೆಯ ಮೇಲೆ 2020ರಲ್ಲಿ ಪಾಲ್ ಕಾಪಲ್‌ಸ್ಟೋನ್ ಮತ್ತು ಆಂಟ್ ವಿಲ್ಸನ್ ಸಿಂಗಪುರದಲ್ಲಿ ಸುಪಾಬೇಸ್ ಶುರುಮಾಡಿದರು. ಫೈರ್‌ಬೇಸ್‌ಗೆ ಓಪನ್ ಸೋರ್ಸ್ ಬದಲಿ ಎಂದು ಅದನ್ನು ಪರಿಚಯಿಸಿದರು. ಅವರ ಜಾಣತನ ಇದ್ದದ್ದು ಹೊಸದನ್ನು ಕಡಿಮೆ ಬರೆಯುವುದರಲ್ಲಿ. ನಡುವೆ ಪೋಸ್ಟ್‌ಗ್ರೆಸ್ ಇಟ್ಟರು. ಪುಸ್ತಕದ ಕಾಲಂಗಳನ್ನು ಓದಿಕೊಂಡು ಆ್ಯಪ್‌ಗಳ ಪ್ರಶ್ನೆಗಳಿಗೆ ತಾನೇ ಉತ್ತರ ಕೊಡುವ ಪೋಸ್ಟ್‌ಗ್ರೆಸ್ಟ್ ಎಂಬ ಸಾಧನವನ್ನು ಜೋ ನೆಲ್ಸನ್ ಎಂಬವರು ಮೊದಲೇ ಬರೆದಿಟ್ಟಿದ್ದರು. ಅದನ್ನು ಪಕ್ಕಕ್ಕೆ ಕೂರಿಸಿದರು. ಲಾಗಿನ್ ಕೆಲಸಕ್ಕೆ ನೆಟ್ಲಿಫೈ ಕಂಪನಿ ತೆರೆದಿಟ್ಟಿದ್ದ ಗೋಟ್ರೂ ತಂದರು. ಒಬ್ಬರ ಹೊಲದ ಕಲ್ಲು, ಇನ್ನೊಬ್ಬರ ಕಾಡಿನ ಮರ ಸೇರಿಸಿ ಕಟ್ಟಿದ ಮನೆ. ಓಪನ್ ಸೋರ್ಸ್ ಲೋಕದಲ್ಲಿ ಇದು ಕಳ್ಳತನವಲ್ಲ. ಬಳಸಲೆಂದೇ ಅವರು ಅದನ್ನು ಹೊರಗಿಟ್ಟದ್ದು.

ಅದರಲ್ಲಿ ನನಗೆ ಬಹಳ ಹಿಡಿಸಿದ ಭಾಗ, ತಕ್ಷಣ ಸುದ್ದಿ ಮುಟ್ಟಿಸುವ ಅಂಗ. ಕಾರ್ಯದರ್ಶಿ ಲೆಕ್ಕ ನಮೂದಿಸಿದ ಕ್ಷಣದಲ್ಲೇ ರೈತನ ಫೋನಿನಲ್ಲಿ ಅಂಕಿ ಬದಲಾಗಬೇಕು. ಹೇಗೆ? ಹಳೆಯ ಅಂಗಡಿಗಳಲ್ಲಿ ವ್ಯವಹಾರ ನಡೆದ ಕೂಡಲೇ ಕೀರ್ದಿ ಪುಸ್ತಕದಲ್ಲಿ ಗೀಚಿಟ್ಟು, ಆಮೇಲೆ ಸಾವಕಾಶವಾಗಿ ಖತಾವಣಿಗೆ ಏರಿಸುತ್ತಿದ್ದರು. ನಡುವೆ ಏನಾದರೂ ಎಡವಟ್ಟಾದರೆ ಕೀರ್ದಿ ನೋಡಿ ಸರಿಪಡಿಸಬಹುದು. ಪೋಸ್ಟ್‌ಗ್ರೆಸ್ ಕೂಡ ಪ್ರತಿ ಬದಲಾವಣೆಯನ್ನೂ ಮೊದಲು ಇಂಥದೊಂದು ಕೀರ್ದಿಯಲ್ಲಿ ಬರೆದುಕೊಳ್ಳುತ್ತದೆ. ಕರೆಂಟ್ ಹೋದರೂ ಲೆಕ್ಕ ಕೆಡದಿರುವುದು ಅದರಿಂದಲೇ. ಸುಪಾಬೇಸ್ ಆ ಕೀರ್ದಿಯ ಪಕ್ಕದಲ್ಲಿ ಒಬ್ಬ ಕಿವಿಗೊಟ್ಟು ಕೂತವನನ್ನು ಇಟ್ಟಿತು. ಹೊಸ ಸಾಲು ಬಿದ್ದ ಕೂಡಲೇ ಆತ ಸಂಬಂಧಪಟ್ಟ ಫೋನುಗಳಿಗೆ ಕೂಗಿ ಹೇಳುತ್ತಾನೆ. ಸುರಕ್ಷತೆಗೆಂದು ಇದ್ದ ಪುಸ್ತಕ ಸುದ್ದಿ ಹರಡಲೂ ಒದಗಿತು. ಒಳಗಿನ ಯಂತ್ರ ಕಣ್ಣಿಗೆ ಕಾಣುವಂತಿದ್ದುದರಿಂದ ಇದು ಸಾಧ್ಯವಾಯಿತು.

ಕನ್ನಡಿಗರಿಗೆ ನೇರವಾಗಿ ತಟ್ಟುವ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಕೊನೆಯಲ್ಲಿ, ಹ ಆದ ಮೇಲೆ. ಯೂನಿಕೋಡ್ ಸಂಖ್ಯೆಗಳಲ್ಲಿ ಮಾತ್ರ ಅದು ಲ ಪಕ್ಕದಲ್ಲಿ, ವ ಗಿಂತ ಮೊದಲೇ ಕೂತಿದೆ. ಆದ್ದರಿಂದ ಸಂಖ್ಯೆಯನ್ನಷ್ಟೆ ನೋಡಿ ಜೋಡಿಸುವ ಡೇಟಾಬೇಸ್ ‘ಕಳೆ’ಯನ್ನು ‘ಕವನ’ಕ್ಕಿಂತ ಮುಂದೆ ಇಡುತ್ತದೆ. ನಿಘಂಟು ಮಾಡುವವರಿಗೆ, ಮತದಾರರ ಪಟ್ಟಿ ಮಾಡುವವರಿಗೆ, ಶಾಲೆಯ ಹಾಜರಿ ಮಾಡುವವರಿಗೆ ಇದು ತಪ್ಪು. ಗೂಗಲ್‌ನ ಫೈರ್‌ಸ್ಟೋರ್ ಎಂಬ ಡೇಟಾಬೇಸ್ ಪದಗಳನ್ನು ಜೋಡಿಸುವುದು ಹೀಗೆ ಸಂಖ್ಯೆಯ ಕ್ರಮದಲ್ಲೇ. ಪೋಸ್ಟ್‌ಗ್ರೆಸ್‌ನಲ್ಲಿ 2017ರ 10ನೇ ಆವೃತ್ತಿಯಿಂದ, ಆಯಾ ಭಾಷೆಯ ಅಕಾರಾದಿಯನ್ನು ಆರಿಸಿಕೊಳ್ಳುವ ಸೌಲಭ್ಯವಿದೆ. ಕಾಲಂ ಮಾಡುವಾಗ ಕನ್ನಡದ ಕ್ರಮ ಬೇಕೆಂದು ಒಂದು ಮಾತು ಸೇರಿಸಿದರೆ ಸಾಕು. ನಮ್ಮ ಗಿಡಗಳ ಪಟ್ಟಿ ಮೊದಲ ಬಾರಿ ಸರಿಯಾದ ಅಕಾರಾದಿಯಲ್ಲಿ ನಿಂತಾಗ ಆ ಶಾಲೆಯ ಕನ್ನಡ ಮೇಷ್ಟರ ಮುಖ ನೋಡಬೇಕಿತ್ತು.

ಈ ದಾರಿಯಲ್ಲಿ ಬಹಳ ಮುಂದೆ ಹೋದ ಕನ್ನಡದ ಕೆಲಸ ‘ಅಲರ್’. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, 2.4 ಲಕ್ಷಕ್ಕೂ ಹೆಚ್ಚು ಅರ್ಥವಿವರ. 2019ರಲ್ಲಿ ಅದು ಮುಕ್ತ ಪರವಾನಗಿಯಲ್ಲಿ ಅಂತರಜಾಲಕ್ಕೆ ಬಂತು. ಅದರ ಹಿಂದೆ ದುಡಿಯುವ ಡಿಕ್ಟ್‌ಪ್ರೆಸ್ ಎಂಬ ನಿಘಂಟು ಸರ್ವರನ್ನು ಬರೆದವರು ಬೆಂಗಳೂರಿನ ಜೆರೋಧಾ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್. ಅದೂ ಓಪನ್ ಸೋರ್ಸ್, ಅದರ ಬುಡದಲ್ಲಿರುವುದೂ ಪೋಸ್ಟ್‌ಗ್ರೆಸ್. ಉಚ್ಚಾರಣೆ ಹತ್ತಿರವಿರುವ ಕನ್ನಡ ಅಕ್ಷರಗಳನ್ನು ಒಂದೇ ಗುಂಪಿಗೆ ಸೇರಿಸಿ ಹುಡುಕುವ ವಿಧಾನವನ್ನೂ ಅವರು ಬರೆದು ಹೊರಗಿಟ್ಟಿದ್ದಾರೆ. ಕಾಗುಣಿತ ಸ್ವಲ್ಪ ತಪ್ಪಿದರೂ ಪದ ಸಿಗುತ್ತದೆ. ನಾಳೆ ತುಳು, ಕೊಡವ ಅಥವಾ ಹವ್ಯಕ ಕನ್ನಡಕ್ಕೊಂದು ನಿಘಂಟು ಮಾಡಲು ಹೊರಡುವವರು ಸೊನ್ನೆಯಿಂದ ಆರಂಭಿಸಬೇಕಾಗಿಲ್ಲ.

ಬೆಂಗಳೂರಿಗೆ ಇನ್ನೊಂದು ನಂಟೂ ಇದೆ. ತನ್ಮಯ್ ಗೋಪಾಲ್ ಮತ್ತು ರಾಜೋಶಿ ಘೋಷ್ ಕಟ್ಟಿದ ಹಸುರಾ ಕಂಪನಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಎರಡೂ ಕಡೆ ನೆಲೆ ಇಟ್ಟುಕೊಂಡು ಬೆಳೆಯಿತು. 2018ರ ಜುಲೈನಲ್ಲಿ ಅವರು ಓಪನ್ ಸೋರ್ಸ್ ಮಾಡಿದ ಎಂಜಿನ್, ಫೇಸ್‌ಬುಕ್‌ನಲ್ಲಿ ಹುಟ್ಟಿದ ಗ್ರಾಫ್‌ಕ್ಯೂಎಲ್ ಭಾಷೆಯಲ್ಲಿ ಕೇಳಿದ ಪ್ರಶ್ನೆಯನ್ನು ಪೋಸ್ಟ್‌ಗ್ರೆಸ್‌ಗೆ ಅರ್ಥವಾಗುವ ಒಂದೇ ಪ್ರಶ್ನೆಯಾಗಿ ತರ್ಜುಮೆ ಮಾಡುತ್ತಿತ್ತು. ಸದಸ್ಯರ ಪಟ್ಟಿಗೆ ಒಂದು ಸಲ, ಪ್ರತಿ ಸದಸ್ಯನ ಲೆಕ್ಕಕ್ಕೆ ಇನ್ನೊಂದು ಸಲ ಎಂದು ನೂರಾರು ಬಾರಿ ಡೇಟಾಬೇಸಿನ ಬಾಗಿಲು ತಟ್ಟುವುದು ತಪ್ಪಿತು. 2022ರ ಫೆಬ್ರವರಿಯಲ್ಲಿ ಹೂಡಿಕೆದಾರರು ಅದಕ್ಕೆ 100 ಕೋಟಿ ಡಾಲರ್ ಬೆಲೆ ಕಟ್ಟಿದರು.

ಎಲ್ಲರಿಗೂ ಇಷ್ಟು ದೊಡ್ಡ ಸಲಕರಣೆ ಬೇಕಾಗಿಲ್ಲ. ಇಸ್ರೇಲಿನ ಎಲ್ದಾದ್ ಫಕ್ಸ್ 2019ರಲ್ಲಿ ಹೊರತಂದ ಆಪ್‌ರೈಟ್, ಲಾಗಿನ್, ಡೇಟಾಬೇಸ್, ಫೈಲು ಎಲ್ಲವನ್ನೂ ಒಂದೇ ಕಂತೆಯಲ್ಲಿ ಕೊಡುತ್ತದೆ. ಮೊಬೈಲ್ ಆ್ಯಪ್ ಬರೆಯುವವರಿಗೆ ಅದು ಬೇಗ ಕೈಹತ್ತುತ್ತದೆ. ನನ್ನ ಒಲವು ಇನ್ನೂ ಚಿಕ್ಕದಾದ ಪಾಕೆಟ್‌ಬೇಸ್ ಕಡೆಗೆ. ಬಲ್ಗೇರಿಯಾದ ಗಾನಿ ಜಾರ್ಜಿಯೆವ್ 2022ರಲ್ಲಿ ಬಿಟ್ಟ ಇದು ಒಂದೇ ಒಂದು ಫೈಲು. ಇಳಿಸಿಕೊಂಡು ಒಂದು ಆಜ್ಞೆ ಕೊಟ್ಟರೆ ಲಾಗಿನ್, ಡೇಟಾಬೇಸ್, ಫೋಟೊ ಇಡುವ ಜಾಗ, ಎಲ್ಲವನ್ನೂ ನೋಡಿಕೊಳ್ಳುವ ಪುಟ ಎದ್ದು ನಿಲ್ಲುತ್ತವೆ. ತಿಂಗಳಿಗೆ ಕೆಲವು ನೂರು ರೂಪಾಯಿಯ ಸರ್ವರ್ ಸಾಕು. ಮಾಹಿತಿಯೆಲ್ಲ ಕೂರುವುದು ಎಸ್‌ಕ್ಯೂಲೈಟ್‌ನಲ್ಲಿ. 2000ದಲ್ಲಿ ರಿಚರ್ಡ್ ಹಿಪ್ ಅಮೆರಿಕದ ನೌಕಾಪಡೆಯ ಹಡಗಿನ ತಂತ್ರಾಂಶದ ಕೆಲಸದಲ್ಲಿದ್ದಾಗ ರೂಪಿಸಿದ, ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ಲೋಕಕ್ಕೆ ಬಿಟ್ಟುಕೊಟ್ಟ ಪುಟ್ಟ ಡೇಟಾಬೇಸ್ ಅದು. ನಿಮ್ಮ ಜೇಬಿನ ಫೋನಿನಲ್ಲೂ ಅದು ಇದೆ. ಪಾಕೆಟ್‌ಬೇಸ್ ಹಿಂದೆ ಕಂಪನಿಯಿಲ್ಲ, ಮುಖ್ಯವಾಗಿ ಒಬ್ಬ ಮನುಷ್ಯ ಇದ್ದಾನೆ. ಅದೇ ಅದರ ಸೊಗಸು, ಅದೇ ಆತಂಕ ಕೂಡ.

ಆತಂಕಗಳ ವಿಚಾರ ಬಂದಾಗ ಮೊದಲು ಹೇಳಬೇಕಾದ್ದು ಕಾವಲಿನದು. ಸುಪಾಬೇಸ್ ಬಳಸುವ ಆ್ಯಪ್‌ನೊಳಗೆ ಒಂದು ಕೀಲಿ ಇರುತ್ತದೆ, ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಅದು ತಪ್ಪಲ್ಲ, ವಿನ್ಯಾಸವೇ ಹಾಗೆ. ಬಾಗಿಲವರೆಗೆ ಯಾರೂ ಬರಬಹುದು, ಒಳಗಿನದನ್ನು ಕಾಯುವುದು ಸಾಲುಮಟ್ಟದ ನಿಯಮಗಳು. ನಿಯಮವನ್ನೇ ಬರೆಯದೆ ಬಿಟ್ಟರೆ? ಡೇರಿಯ ಎಲ್ಲರ ಲೆಕ್ಕ, ಫೋನ್ ನಂಬರು, ಬ್ಯಾಂಕ್ ಖಾತೆ ಊರಿಗೇ ತೆರೆದಿಟ್ಟಂತೆ. ಮುಚ್ಚಿದ ವೇದಿಕೆಗಳಲ್ಲೂ ಇದೇ ಅಪಾಯ ಇದೆ. 2025ರ ಜುಲೈನಲ್ಲಿ ಅಮೆರಿಕದ ‘ಟೀ’ ಎಂಬ ಆ್ಯಪ್‌ನಿಂದ ಸುಮಾರು 72,000 ಚಿತ್ರಗಳು ಸೋರಿಹೋದವು. ಅದು ಹೆಂಗಸರ ಸುರಕ್ಷತೆಗೆಂದೇ ಮಾಡಿದ ಆ್ಯಪ್. ಸೋರಿದವುಗಳಲ್ಲಿ ಸುಮಾರು 13,000 ಚಿತ್ರಗಳು ಗುರುತಿನ ಖಾತ್ರಿಗಾಗಿ ಬಳಕೆದಾರರು ಕೊಟ್ಟ ಸೆಲ್ಫಿ ಮತ್ತು ಗುರುತಿನ ಚೀಟಿಗಳು. ಈಗ ಎಐಗೆ ನಾಲ್ಕು ಮಾತು ಹೇಳಿ ಸಂಜೆಯೊಳಗೆ ಆ್ಯಪ್ ಮಾಡಿಬಿಡುವವರು ಹೆಚ್ಚುತ್ತಿದ್ದಾರೆ. ಅವರಿಗೆ ನಾನು ಕೈಮುಗಿದು ಹೇಳುವುದಿಷ್ಟೆ: ಬಿಡುಗಡೆಗೆ ಮುನ್ನ ಬೇರೊಬ್ಬ ಸದಸ್ಯನ ಹೆಸರಿನಲ್ಲಿ ಒಳಹೊಕ್ಕು, ಇನ್ನೊಬ್ಬರ ಸಾಲು ಕಾಣುತ್ತದೆಯೇ ಎಂದು ನೀವೇ ನೋಡಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೊಣೆ ಮಾಹಿತಿ ಸಂಗ್ರಹಿಸಿದವರದು. ಯಾರ ವೇದಿಕೆ ಬಳಸಿದಿರಿ ಎಂಬುದು ನೆಪವಾಗುವುದಿಲ್ಲ. ಸುರಕ್ಷತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಎರಡನೆಯದು, ನಾವೇ ನಡೆಸುವ ಭಾರ. ಸುಪಾಬೇಸನ್ನು ಸ್ವಂತ ಯಂತ್ರದಲ್ಲಿ ನಿಲ್ಲಿಸಿದರೆ ಹತ್ತು ಹನ್ನೆರಡು ಬಿಡಿಭಾಗಗಳು ಒಟ್ಟಿಗೆ ಓಡಬೇಕು. ಡಿಸ್ಕ್ ತುಂಬಿದರೆ ರಾತ್ರಿ ಎರಡಕ್ಕೆ ಏಳಬೇಕಾದವರು ನಾವೇ. ಬ್ಯಾಕಪ್ ಇದೆ ಎಂಬ ಧೈರ್ಯವೂ ಕೈಕೊಡಬಹುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪನಿಯಲ್ಲಿ ದಣಿದ ಎಂಜಿನಿಯರ್ ಒಬ್ಬ ತಪ್ಪು ಯಂತ್ರದಲ್ಲಿ ಅಳಿಸುವ ಆಜ್ಞೆ ಕೊಟ್ಟುಬಿಟ್ಟ. ಸುಮಾರು 300 ಜಿಬಿ ಪೋಸ್ಟ್‌ಗ್ರೆಸ್ ಮಾಹಿತಿ ಕ್ಷಣಗಳಲ್ಲಿ ಹೋಯಿತು. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು, ಆ ಹೊತ್ತಿಗೆ ಒಂದೂ ಸರಿಯಾಗಿ ಒದಗಲಿಲ್ಲ. ಆರು ಗಂಟೆ ಮೊದಲು ಬೇರಾವುದೋ ಪರೀಕ್ಷೆಗೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ನಕಲು ಕಂಪನಿಯನ್ನು ಉಳಿಸಿತು. ಅವರು ಮುಚ್ಚಿಡಲಿಲ್ಲ. ದುರಸ್ತಿಯನ್ನು ಲೋಕದ ಎದುರೇ ನೇರಪ್ರಸಾರ ಮಾಡಿದರು, ಏನೇನು ತಪ್ಪಾಯಿತೆಂದು ಬರೆದರು. ಆ ಬರಹ ಓದಿ ಎಷ್ಟೋ ಜನ ಮರುದಿನ ತಮ್ಮ ಬ್ಯಾಕಪ್ ತೆರೆದು ನೋಡಿದರು. ನಾನೂ ನೋಡಿದೆ.

ಮೂರನೆಯದು ಪರವಾನಗಿ. ತೆರೆದ ಬಾಗಿಲನ್ನು ಮತ್ತೆ ಮುಚ್ಚಬಹುದೇ? ಮುಂದಿನ ಆವೃತ್ತಿಗಳಿಗೆ ಮುಚ್ಚಬಹುದು. ಪಾರ್ಸ್ ಸರ್ವರ್ ನಂಬಿಕೊಂಡಿದ್ದ ಮಾಂಗೋಡಿಬಿ ಎಂಬ ಡೇಟಾಬೇಸ್ 2018ರ ಅಕ್ಟೋಬರ್‌ನಲ್ಲಿ ಬಿಗಿಯಾದ ಹೊಸ ಪರವಾನಗಿಗೆ ಹೊರಳಿತು. 2024ರ ಮಾರ್ಚ್‌ನಲ್ಲಿ ರೆಡಿಸ್ ಎಂಬ ಇನ್ನೊಂದು ಡೇಟಾಬೇಸ್ ಹಾಗೆಯೇ ಮಾಡಿತು. ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಕೋಡನ್ನೇ ಮಾರಿ ಲಾಭ ಮಾಡುತ್ತಿವೆ ಎಂಬುದು ಇಂಥವರ ದೂರು, ಅದರಲ್ಲಿ ಹುರುಳಿದೆ. ಆದರೆ ಅಲ್ಲಿಯವರೆಗಿನ ಕೋಡ್ ಎಲ್ಲರದೂ ಆಗಿತ್ತಲ್ಲ. ರೆಡಿಸ್ ವಿಚಾರದಲ್ಲಿ ಕೆಲವೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ನೆರಳಿನಲ್ಲಿ ವಾಲ್ಕೀ ಎಂಬ ಕವಲು ಒಡೆಯಿತು. 2025ರ ಮೇ ತಿಂಗಳಲ್ಲಿ ರೆಡಿಸ್ ಮತ್ತೆ ಒಂದು ಓಪನ್ ಸೋರ್ಸ್ ಪರವಾನಗಿಯನ್ನು ಸೇರಿಸಿಕೊಂಡಿತು. ಹೊರಡುವ ದಾರಿ ಇದ್ದಾಗ ಒಳಗಿರುವವರ ಮಾತಿಗೂ ಬೆಲೆ ಬರುತ್ತದೆ.

ಸುಪಾಬೇಸ್ ಬಗ್ಗೆಯೂ ನನಗೆ ಈ ಎಚ್ಚರ ಇದೆ. 2025ರ ಅಕ್ಟೋಬರ್‌ನಲ್ಲಿ ಅದರ ಬೆಲೆ 500 ಕೋಟಿ ಡಾಲರ್ ಆಯಿತು. ಅಷ್ಟು ದುಡ್ಡು ಹಾಕಿದವರು ಒಂದು ದಿನ ಲಾಭ ಕೇಳುತ್ತಾರೆ. ಅದರ ಉಚಿತ ಯೋಜನೆಯಲ್ಲಿ ವಾರವಿಡೀ ಯಾರೂ ಮುಟ್ಟದ ಪ್ರಾಜೆಕ್ಟನ್ನು ನಿಲ್ಲಿಸಿಡುತ್ತಾರೆ ಎಂಬುದು ಬಳಸುವವರಿಗೆಲ್ಲ ಗೊತ್ತಿರಬೇಕು. ಬೇಸಿಗೆ ರಜೆಯಲ್ಲಿ ಶಾಲೆಯ ಆ್ಯಪ್ ಮಲಗಿಬಿಡುತ್ತದೆ. ಹಾಗಿದ್ದರೂ ನಡುವಿನ ಪುಸ್ತಕ ಪೋಸ್ಟ್‌ಗ್ರೆಸ್ ಆಗಿರುವುದರಿಂದ, ಒಂದು ಆಜ್ಞೆಯಲ್ಲಿ ಪೂರ್ತಿ ಲೆಕ್ಕವನ್ನು, ಸಾಲುಮಟ್ಟದ ನಿಯಮಗಳ ಸಮೇತ, ಬೇರೆ ಯಾವ ಪೋಸ್ಟ್‌ಗ್ರೆಸ್‌ಗಾದರೂ ಒಯ್ಯಬಹುದು.

ಇಂಥ ಕೋಡ್ ಬರೆಯುವವರ ಹೊಟ್ಟೆ ತುಂಬುವುದು ಹೇಗೆ ಎಂಬ ಪ್ರಶ್ನೆ ಉಳಿದೇ ಇದೆ. ಜೆರೋಧಾ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ಒಂದು ನಿಧಿಯನ್ನು ಓಪನ್ ಸೋರ್ಸ್ ಯೋಜನೆಗಳಿಗೆಂದೇ ತೆಗೆದಿಟ್ಟಿತು. ಬೆಂಗಳೂರಿನಲ್ಲಿ ಈ ಕೋಡಿನ ಮೇಲೆ ನಿಂತು ಕೋಟಿಗಟ್ಟಲೆ ದುಡಿಯುವ ಕಂಪನಿಗಳು ಎಷ್ಟೋ ಇವೆ. ಅವೂ ಹೀಗೆ ಕೈ ಬಿಚ್ಚಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ನಮ್ಮ ಗಿಡಗಳ ಹೆಸರು ಈಗ ಒಂದು ಪಾಕೆಟ್‌ಬೇಸ್‌ನಲ್ಲಿವೆ. ಅಕಾರಾದಿ ಪಟ್ಟಿ ಮುದ್ರಿಸುವಾಗ ಮಾತ್ರ ಪೋಸ್ಟ್‌ಗ್ರೆಸ್‌ಗೆ ತುಂಬಿಕೊಳ್ಳುತ್ತೇವೆ. ಮಕ್ಕಳು ಮತ್ತೆ ಹೋಗಿ ಕೇಳಿಬಂದು ಐನೂರರ ಹತ್ತಿರ ತಂದಿದ್ದಾರೆ. ತೀರಿಕೊಂಡ ಅಜ್ಜಿಯರು ಹೇಳಿದ್ದ ಕೆಲವು ಹೆಸರು ಮಾತ್ರ ಬೇರಾವ ಮನೆಯಲ್ಲೂ ಸಿಗಲಿಲ್ಲ. ಪ್ರತಿ ತಿಂಗಳ ಮೊದಲ ಶನಿವಾರ ಇಡೀ ಡೇಟಾಬೇಸನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ಒಂದೆಲಗದ ಪುಟ ಬರುತ್ತದೆಯೇ ನೋಡುತ್ತೇನೆ. ಜೊತೆಗೆ ಪಾಕೆಟ್‌ಬೇಸ್‌ನ ಆ ಒಂದು ಫೈಲನ್ನೂ ಹಾಕುತ್ತೇನೆ. ಮೇಷ್ಟರು ಪೆನ್‌ಡ್ರೈವನ್ನು ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆದು, ಹಾಜರಿ ಪುಸ್ತಕಗಳ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ.